ಒಂಬತ್ತನೆಯ ಕಲ್ಲು ದಾಟಿದ ಕಾರು

ನಮ್ಮೂರಿಗೆ ಬರುವುದು ಬಹಳ ಸುಲಭ. ಎರಡೂ ಕಡೆ ಉಪ್ಪುಗಟ್ಟಿ ಬೆಳ್ಳಗೆ ಹರಡಿದ ಸವುಳು ನೆಲ, ನಡುವೆ ಎಳೆದು ಹಿಡಿದ ದಾರದಷ್ಟು ನೆಟ್ಟಗೆ ಒಂದೇ ರಸ್ತೆ, ಒಂಬತ್ತು ಮೈಲಿ. ನಡೆದು ಬಂದರೂ ಸರಿ, ಚಕ್ಕಡಿಯಲ್ಲಿ ಬಂದರೂ ಸರಿ, ಊರಿನ ಅಗಸಿ ಬಾಗಿಲಿಗೆ ಬಂದು ಮುಟ್ಟುತ್ತೀರಿ. ಹೋಗುವುದು ಮಾತ್ರ ಆಗುವುದಿಲ್ಲ. ಅಗಸಿಯಿಂದ ಹೊರಟು ಮೈಲಿಗಲ್ಲು ಎಣಿಸುತ್ತಾ ಹೋಗಿ ಒಂಬತ್ತನೆಯ ಕಲ್ಲು ದಾಟಿದರೆ, ಎದುರಿಗೆ ಅರ್ಧ ಮೈಲಿ ದೂರದಲ್ಲಿ ಮತ್ತೆ ನಮ್ಮೂರಿನ ಅಗಸಿಯೇ ನಿಂತಿರುತ್ತದೆ. ಎಷ್ಟು ಸಲ ಹೋದರೂ ಅಷ್ಟೇ.

ಹಾಗಾಗಿ ಬಂದವರೆಲ್ಲ ಇಲ್ಲಿಯವರೇ ಆದರು. ಬಂದ ಬಸ್ಸುಗಳು ಸಂತೆ ಬಯಲಿನಲ್ಲಿ ಸಾಲಾಗಿ ನಿಂತಿವೆ, ಶಾಲೆಯ ಮೂರನೆಯ ತರಗತಿ ಈಗಲೂ ಒಂದು ಬಸ್ಸಿನೊಳಗೇ ನಡೆಯುತ್ತದೆ. ತಿಂಗಳಿಗೊಮ್ಮೆ ಆಚೆಯ ಕೂಡುರಸ್ತೆಯಲ್ಲಿ ಯಾರೋ ಟಪಾಲಿನ ಚೀಲವನ್ನು ಒಂದು ಕತ್ತೆಯ ಬೆನ್ನಿಗೆ ಕಟ್ಟಿ, ಅದಕ್ಕೊಂದು ಬಾರಿಸಿ ಕಳಿಸುತ್ತಾರೆ. ಕತ್ತೆಯೂ ವಾಪಸು ಹೋಗುವುದಿಲ್ಲ. ನಮ್ಮ ಓಣಿಗಳಲ್ಲಿ ಜನಕ್ಕಿಂತ ಕತ್ತೆಗಳೇ ಹೆಚ್ಚು. ಹೊರಗಿನವರು ಇದನ್ನೆಲ್ಲ ಬೇರೆ ಥರ ತಿಳಿದುಕೊಂಡಿದ್ದಾರೆ. ಹೋದವರು ಯಾರೂ ತಿರುಗಿ ಬರುವುದಿಲ್ಲ ಅಂದಮೇಲೆ ಅದು ಮನೆಮಠ ಮರೆಸುವಷ್ಟು ಚಂದದ ಊರೇ ಇರಬೇಕು ಅನ್ನುವುದು ಅವರ ಲೆಕ್ಕ. ಇಲ್ಲಿಂದ ಒಂದು ಕಾಗದವೂ ಹೊರಗೆ ಹೋಗುವುದಿಲ್ಲವಾದ್ದರಿಂದ ಅವರಿಗೆ ಅದು ಹಾಗಲ್ಲ ಎಂದು ಹೇಳುವವರಿಲ್ಲ.

ನಾನು ಫಕೀರವ್ವ. ತಾಡಪತ್ರಿ ಹೊಲಿಯುವುದು ನನ್ನ ಕಸುಬು. ಉಪ್ಪಿನ ರಾಶಿಗೆ ಹೊದಿಸುವ ತಾಡಪತ್ರಿ, ಚಕ್ಕಡಿಯ ಕಮಾನಿನ ಬಟ್ಟೆ, ಕತ್ತೆಯ ಜೀನು, ದಪ್ಪದ್ದು ಏನಿದ್ದರೂ ಹೊಲಿಯುತ್ತೇನೆ. ನಾನು ಹುಟ್ಟಿದ್ದೂ ಇಲ್ಲೇ ಆದ್ದರಿಂದ ಹೊರಗಿನದು ನನಗೆ ಗೊತ್ತೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮಕ್ತುಮಸಾಬನಿಗೆ ಬೇಕಾಗಿತ್ತು. ಅವನು ಇಪ್ಪತ್ತೆರಡರ ಹರೆಯದಲ್ಲಿ ಹತ್ತಿ ಗಿರಣಿಯ ಎಂಜಿನ್ನು ರಿಪೇರಿಗೆಂದು ಒಂದು ದಿನದ ಮಟ್ಟಿಗೆ ಬಂದವನು. ಆ ಗಿರಣಿ ಮುಚ್ಚಿಹೋಗಿ, ಅವನ ಗಡ್ಡ ಬೆಳ್ಳಗಾಗಿತ್ತು.

ಮುಚ್ಚಿದ ಗಿರಣಿಯ ಉಗ್ರಾಣದಲ್ಲೇ ಅವನಿಗೆ ಆ ಕಾರು ಸಿಕ್ಕಿದ್ದು. ಯಾವ ಕಾಲದಲ್ಲೋ ಒಬ್ಬ ಜಹಗೀರದಾರ ಬೇಟೆಗೆಂದು ಅದರಲ್ಲಿ ಬಂದಿದ್ದನಂತೆ. ಒಳಗೆ ಬರುವಾಗಲೇ ಎಂಜಿನ್ನಿನ ನೀರು ಆರಿ ಸುಟ್ಟುಹೋಯಿತಂತೆ. ಅದರ ಮೇಲೆ ಆಳೆತ್ತರ ಹತ್ತಿಬೀಜ ಬಿದ್ದಿತ್ತು. ಅದನ್ನು ಬಗೆದು ತೆಗೆದಾಗ ಕಂಡದ್ದು ಒಂದು ಅಂಕಣದ ಮನೆಯಷ್ಟು ಉದ್ದದ ಅಮೆರಿಕದ ಗಾಡಿ. ಎರಡೇ ಬಾಗಿಲು. ಹಿಂಭಾಗದಲ್ಲಿ ಮೀನಿನ ರೆಕ್ಕೆಯಂತೆ ಮೇಲೆದ್ದ ಎರಡು ತಗಡು. ಒಳಗೆ ತೊಗಲಿನ ಸೋಫಾದಂಥ ಸೀಟು, ಗುಂಡಿ ಒತ್ತಿದರೆ ತಾನಾಗಿ ಏಳುವ, ತಾನಾಗಿ ಮಡಚಿಕೊಳ್ಳುವ ಬಟ್ಟೆಯ ಚಾವಣಿ. ಬಟ್ಟೆಯನ್ನು ಇಲಿ ತಿಂದು ಕಬ್ಬಿಣದ ಬಿಲ್ಲುಗಳಷ್ಟೇ ಉಳಿದಿದ್ದವು. ಮಕ್ತುಮಸಾಬ ಅದರ ಮುಂಭಾಗ ಎತ್ತಿ, ಎಂಜಿನ್ನಿನ ಎಂಟು ಸಿಲಿಂಡರುಗಳನ್ನು ಬೆರಳಿಟ್ಟು ಒಂದೊಂದಾಗಿ ಎಣಿಸಿದನಂತೆ.

ಅವನಿಗೊಂದು ಗುಟ್ಟು ಗೊತ್ತಿತ್ತು. ಬಂದ ಹೊಸದರಲ್ಲಿ ಅವನು ಒಂದು ಮೋಟಾರು ಸೈಕಲ್ಲಿನಲ್ಲಿ ಆ ರಸ್ತೆಯನ್ನು ಹಲವು ಸಲ ಪರೀಕ್ಷಿಸಿದ್ದ. ಅರವತ್ತು ಮೈಲಿ ವೇಗದಲ್ಲಿ ಒಂಬತ್ತನೆಯ ಕಲ್ಲು ದಾಟಿದಾಗ ಅಗಸಿ ಕಂಡಿತು. ಎಂಬತ್ತರಲ್ಲಿ ದಾಟಿದಾಗಲೂ ಅಗಸಿಯೇ ಕಂಡಿತು, ಆದರೆ ಅದಕ್ಕೆ ಮುಂಚೆ, ಕಣ್ಣು ಮಿಟುಕಿಸುವಷ್ಟು ಹೊತ್ತು, ಒಂದು ಬೇವಿನ ಮರವೂ ಅದರ ಕೆಳಗೊಂದು ಚಹಾದಂಗಡಿಯೂ ಕಂಡಿದ್ದವು. ಅಂದಮೇಲೆ ನೂರರಲ್ಲಿ ದಾಟಿದರೆ ಆಚೆ ಹೋಗಬಹುದು ಎಂದು ಅವನ ಲೆಕ್ಕ. ಅದು ಬರೀ ಲೆಕ್ಕ. ಮೋಟಾರು ಸೈಕಲ್ಲು ಎಂಬತ್ತಕ್ಕಿಂತ ಮೇಲೆ ಹೋಗಲಿಲ್ಲ. ಅವನ ಹಾಗೆಯೇ ಪ್ರಯತ್ನಿಸಿದ ಇನ್ನೊಬ್ಬ ಬ್ರೇಕು ಹಿಡಿಯುವುದರೊಳಗೆ ಅಗಸಿಯ ಗೋಡೆಗೆ ಬಡಿದು ಸತ್ತಮೇಲೆ ಊರಿನಲ್ಲಿ ಯಾರೂ ಆ ಮಾತು ಎತ್ತಲಿಲ್ಲ.

ಹನ್ನೊಂದು ವರ್ಷ ಅವನು ಆ ಕಾರಿನ ಬೆನ್ನು ಬಿದ್ದ. ಬಸ್ಸುಗಳ ಎಂಜಿನ್ನಿನಿಂದ ಬೇರಿಂಗು ತೆಗೆದು ಸಾಣೆ ಹಿಡಿದು ಕೂರಿಸಿದ. ತಾಮ್ರದ ಹಂಡೆ ಕಡಿದು ಗ್ಯಾಸ್ಕೆಟ್ಟು ಮಾಡಿದ. ಕಂಚುಗಾರರಿಂದ ರೇಡಿಯೇಟರಿಗೆ ಬೆಸುಗೆ ಹಾಕಿಸಿದ. ಹೊಳೆಯುವ ಬಂಪರುಗಳನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ತಿಕ್ಕಿ, ಓಣಿಯ ಹೆಂಗಸರು ಅದರಲ್ಲಿ ಕುಂಕುಮ ಸರಿಮಾಡಿಕೊಳ್ಳುವ ಹಾಗೆ ಮಾಡಿದ. ಸೀಟುಗಳನ್ನು ನಾನು ಹೊಲಿದುಕೊಟ್ಟೆ, ಕೆಂಪು ತೊಗಲಿನಲ್ಲಿ, ಒಂದು ಸುಕ್ಕೂ ಬೀಳದ ಹಾಗೆ. ಊರವರಿಗೆ ಅದೊಂದು ನೋಡುವ ವಸ್ತುವಾಯಿತು. ಮದುವೆಯಾದವರು ಬಂದು ಕಾರಿನಲ್ಲಿ ಕುಳಿತು ಹೋಗುತ್ತಿದ್ದರು. ಅದು ನಿಂತಲ್ಲೇ ನಿಂತಿದ್ದರೆ ಯಾರಿಗೂ ತಕರಾರಿರಲಿಲ್ಲ.

ಇನ್ನು ಸಲೋಮಿ ಸಿಸ್ಟರ್ ವಿಷಯ. ಅವರು ಹೊರಗಿನವರ ಮಾತು ನಂಬದೆ, ಸಿಡುಬಿನ ಲಸಿಕೆ ಹಾಕಲು ಒಂದು ಮುಂಜಾನೆ ಬಸ್ಸಿನಲ್ಲಿ ಬಂದ ನರ್ಸಮ್ಮ. ಸಂಜೆಗೆ ಮರಳುತ್ತೇನೆಂದು ಎರಡು ವರ್ಷದ ಮಗಳು ಎಸ್ತೇರಳನ್ನು ನೆರೆಮನೆಯ ಮಾರ್ಥಾ ಅನ್ನುವವರ ಕೈಗೆ ಕೊಟ್ಟು ಬಂದಿದ್ದರು. ಗಂಡ ಮೊದಲೇ ತೀರಿಹೋಗಿದ್ದ. ಆ ಸಂಜೆಯಿಂದ ಎರಡು ದಿನ ಅವರು ರಸ್ತೆಯಲ್ಲಿ ನಡೆದು ಬಂದು ಬಂದು ಅಗಸಿ ಕಂಡಾಗಲೆಲ್ಲ ತಿರುಗಿ ಹೊರಟು, ಕೊನೆಗೆ ಕಾಲು ಬಾತು ಬಿದ್ದದ್ದನ್ನು ಊರೇ ನೋಡಿದೆ. ಆಮೇಲೆ ಎದ್ದು ಕೆಲಸಕ್ಕೆ ನಿಂತರು. ಒಂಬತ್ತು ವರ್ಷದಲ್ಲಿ ಊರಿನ ಪ್ರತಿಯೊಂದು ಬಾಣಂತನ ಅವರ ಕೈಯಲ್ಲೇ ಆಯಿತು. ನನ್ನ ಮಗಳು ಕಸ್ತೂರಿಗೆ ಎರಡು ಸಲ ಹೊಟ್ಟೆಯಲ್ಲೇ ಕೂಸು ಸತ್ತು, ಎರಡನೆಯ ಸಲ ಅವಳೇ ಕೈಬಿಟ್ಟು ಹೋಗುವ ಹಾಗಿದ್ದಾಗ ಮೂರು ದಿನ ಮಂಚದ ಬದಿ ಬಿಟ್ಟೇಳದೆ ಅವಳನ್ನು ಉಳಿಸಿದವರು ಅವರೇ.

ಎಸ್ತೇರ ದೊಡ್ಡವಳಾಗಿ ಅಕ್ಷರ ಕಲಿತಮೇಲೆ ಕತ್ತೆಯ ಚೀಲದಲ್ಲಿ ಅವಳ ಕಾಗದಗಳು ಬರತೊಡಗಿದವು. ಸಿಸ್ಟರ್ ಅವನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಈ ಜ್ಯೇಷ್ಠದಲ್ಲಿ ಬಂದದ್ದನ್ನು ಮಾತ್ರ ಮಕ್ತುಮಸಾಬನ ಉಗ್ರಾಣಕ್ಕೆ ತಂದು, ನಾನಿರುವಾಗಲೇ ಓದಿದರು. ‘ಅಮ್ಮಾ, ಆ ಊರು ಅಷ್ಟು ಚಂದ ಇದೆಯಾ? ಇದು ಕೊನೇ ಕಾಗದ. ಆಷಾಢ ಮುಗಿಯುವ ಮೊದಲು ಮಾರ್ಥಾ ಆಂಟಿ ಮನೆ ಖಾಲಿ ಮಾಡಿ ನನ್ನನ್ನೂ ಕರೆದುಕೊಂಡು ದೂರದ ಊರಿಗೆ ಹೋಗುತ್ತಾರೆ. ಯಾವ ಊರು ಅಂತ ನಿನಗೆ ಬರೆಯುವುದಿಲ್ಲ.’

ಓದಿ ಮಡಚಿ ಅವರು ಕೇಳಿದರು: “ಸಾಬಣ್ಣ, ನಿಮ್ಮ ಗಾಡಿ ಓಡತೈತೇನ್ರಿ?”

ಮಕ್ತುಮಸಾಬ ಬೋಲ್ಟು ತಿರುಗಿಸುತ್ತಿದ್ದ ಪಾನಾ ಕೆಳಗಿಟ್ಟ. “ಆಷಾಢದ ಗಾಳಿ ಬೆನ್ನಿಂದ ಬೀಸಾಕ ಹತ್ತಿದ್ರ ಓಡತೈತಿ, ತಾಯಿ. ವರ್ಷಕ್ಕ ಅದು ಐದಾರು ದಿನ. ಪೆಟ್ರೋಲ್ ಎರಡು ಓಟಕ್ಕ ಆಗೂವಷ್ಟು ಐತಿ. ಆದ್ರ ಚಾವಣಿ ಇಲ್ಲ. ತೆರೆದ ಗಾಡಿಯೊಳಗ ಗಾಳಿ ಹೊಕ್ಕು ಹಿಡದು ಜಗ್ಗತೈತಿ, ನೂರು ಮುಟ್ಟೂದಿಲ್ಲ.” ಆಮೇಲೆ ನನ್ನ ಕಡೆ ತಿರುಗಿದ. “ಫಕೀರವ್ವ ಹೊಲದು ಕೊಟ್ರ ಆತು.”

ಹೊಲಿಯುತ್ತೇನೆ ಎಂದೆ. ಬೇರೇನು ಹೇಳಲಿ? ಮನೆಯಲ್ಲಿ ಕಸ್ತೂರಿಗೆ ಎಂಟು ತಿಂಗಳು ತುಂಬಿತ್ತು. ಕೂಸು ಇನ್ನೂ ತಿರುಗಿಲ್ಲ, ತಲೆ ಮೇಲಿದೆ ಎಂದು ಸಿಸ್ಟರೇ ಹೇಳಿದ್ದರು.

ಸುದ್ದಿ ಹಬ್ಬಿತು. ಊರಿನ ಹಿರಿಯ ಅಡಿವೆಪ್ಪ ಯಜಮಾನರು ಜನ ಸೇರಿಸಿದರು. “ಮಗಳ ಸಂಕಟ ನಮಗೂ ತಿಳೀತೈತ್ರಿ ಸಿಸ್ಟರ್. ಆದ್ರ ನಿಮ್ಮನ್ನ ನಂಬಿಕೊಂಡು ಈ ಊರಾಗ ಹದಿಮೂರು ಮಂದಿ ಬಸುರಿಯರು ಅದಾರ. ಮುಂದಿನ ಆಷಾಢಕ್ಕ ಹೋಗ್ರಿ. ಅಷ್ಟರೊಳಗ ಇಬ್ಬರಿಗೆ ಕೆಲಸ ಕಲಸ್ರಿ,” ಎಂದರು. ಸಿಸ್ಟರ್ ಕಾಗದವನ್ನು ಅವರ ಕೈಗೆ ಕೊಟ್ಟರು. ಯಜಮಾನರು ಅದನ್ನು ಓದಿ ತಲೆ ತಗ್ಗಿಸಿದರೇ ಹೊರತು ಮಾತು ಬದಲಿಸಲಿಲ್ಲ. “ಗಾಡಿ ನಂದು,” ಎಂದಷ್ಟೇ ಹೇಳಿ ಮಕ್ತುಮಸಾಬ ಎದ್ದುಹೋದ.

ನಾನು ಆ ಚಾವಣಿಯನ್ನು ಒಂಬತ್ತು ದಿನ ಹೊಲಿದೆ. ಡೇರೆಯ ಬಟ್ಟೆ ಮೂರು ಪದರು, ನಡುವೆ ಮೇಣ. ಇಂಥ ಕೆಲಸ ನಾನು ಹಿಂದೆಂದೂ ಮಾಡಿರಲಿಲ್ಲ, ಕೈಗೆ ಒಂದು ಥರದ ಸಂತೋಷವೇ ಆಗುತ್ತಿತ್ತು. ಆದರೆ ಕೊನೆಯ ದಿನ, ಹಿಂದಿನ ಅಂಚಿನ ಹೊಲಿಗೆಗೆ ಕೂತಾಗ, ಒಳಮನೆಯಿಂದ ಕಸ್ತೂರಿ ನರಳಿದ್ದು ಕೇಳಿಸಿತು. ಹೋಗಿ ನೋಡಿದೆ. ಸುಮ್ಮನೆ ಮಗ್ಗುಲು ಬದಲಿಸಿದ್ದಳು ಅಷ್ಟೇ. ವಾಪಸು ಬಂದು ಮೇಣ ಹಚ್ಚಿದ ದಾರದ ಉಂಡೆ ಬದಿಗಿಟ್ಟೆ. ಹಳೇ ಗೋಣಿಚೀಲ ಬಿಚ್ಚಿದಾಗ ಸಿಕ್ಕಿದ್ದ, ಲಡ್ಡು ಹಿಡಿದು ಎಳೆದರೆ ಹರಿಯುವ ದಾರವೊಂದು ಡಬ್ಬಿಯ ತಳದಲ್ಲಿತ್ತು. ಅದರಿಂದಲೇ ಆ ಅಂಚು ಹೊಲಿದು, ಮೇಲೊಂದು ತೊಗಲಿನ ಪಟ್ಟಿ ಅಂಟಿಸಿ ಮುಚ್ಚಿದೆ. ನೋಡುವವರಿಗೆ ಗೊತ್ತಾಗುವ ಹಾಗಿರಲಿಲ್ಲ. ಮಕ್ತುಮಸಾಬ ಬಂದು ಚಾವಣಿಯ ಮೇಲೆ ಅಂಗೈ ಆಡಿಸಿ, “ಭೇಷ್ ತಂಗಿ,” ಎಂದಾಗ ನನಗೆ ಅವನ ಮುಖ ನೋಡಲಾಗಲಿಲ್ಲ. ಬಟ್ಟೆ ಹರಿದರೆ ಗಾಡಿ ನಿಧಾನವಾಗುತ್ತದೆ, ಅಗಸಿಗೆ ಬರುತ್ತದೆ, ಒಂದು ವರ್ಷ ಮುಂದೆ ಹೋಗುತ್ತದೆ, ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಬ್ರೇಕು ಹಿಡಿಯದೆ ಗೋಡೆಗೆ ಬಡಿದವನನ್ನು ನೆನೆಸಿಕೊಳ್ಳಲಿಲ್ಲ.

ಗಾಳಿ ಎದ್ದ ಮೊದಲ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಕಾರು ಅಗಸಿಯ ಹೊರಗೆ ನಿಂತಿತು. ಮಕ್ತುಮಸಾಬ ಒಗೆದ ಜುಬ್ಬಾ ಹಾಕಿದ್ದ. ಸಿಸ್ಟರ್ ತಾವು ಬಂದ ದಿನದ ಬಿಳಿ ಸೀರೆಯನ್ನೇ ಉಟ್ಟಿದ್ದರು. ಎಂಜಿನ್ನು ಚಾಲೂ ಆದಾಗ ನೆಲ ನಡುಗಿ ಕತ್ತೆಗಳು ಓಣಿಯೊಳಕ್ಕೆ ಓಡಿಹೋದವು. ಕಾರು ಬಿಳಿ ನೆಲದ ನಡುವೆ ಒಂದು ಚುಕ್ಕೆಯಾಗಿ ಕಾಣೆಯಾಯಿತು. ನಾವು ನಿಂತೆವು. ನಾನು ಹಿಂದಿನ ಅಂಚಿನ ಹೊಲಿಗೆಗಳನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಆರು ನಿಮಿಷವೋ ಏಳೋ ಆಗಿರಬೇಕು, ರಸ್ತೆಯ ಮೇಲೆ ಅದು ಇದ್ದಕ್ಕಿದ್ದ ಹಾಗೆ ಕಂಡಿತು, ನಮ್ಮ ಕಡೆಗೇ ಮುಖ ಮಾಡಿ, ಗುಂಡಿನ ಹಾಗೆ. ಹರಿದ ಚಾವಣಿ ಹಿಂದೆ ಕರಿ ರೆಕ್ಕೆಯಂತೆ ಬಡಿದುಕೊಳ್ಳುತ್ತಿತ್ತು. “ಸರೀರಿ, ಸರೀರಿ!” ಎಂದು ಯಜಮಾನರು ಕೂಗಿದರು. ಚಕ್ರಗಳಿಂದ ಹೊಗೆ ಎದ್ದಿತು. ಕಾರು ಅಡ್ಡ ತಿರುಗಿ, ಜಾರಿ ಬಂದು, ಅಗಸಿಯ ಗೋಡೆಗೆ ಒಂದು ಮೊಳ ಇರುವಾಗ ನಿಂತಿತು.

ಸಿಸ್ಟರ್ ಇಳಿಯಲಿಲ್ಲ. ಕೆಂಪು ಸೀಟಿನ ಮೇಲೆ ಎರಡೂ ಕೈ ಊರಿ ಮುಂದೆ ನೋಡುತ್ತ ಕೂತೇ ಇದ್ದರು. ಮಕ್ತುಮಸಾಬ ಇಳಿದು ಚಾವಣಿಯ ಹಿಂದಿನ ಅಂಚು ಮುಟ್ಟಿ ನೋಡಿದ. ಬೆರಳಲ್ಲಿ ದಾರದ ತುಂಡೊಂದನ್ನು ಹಿಡಿದು ಎಳೆದ. ಅದು ಹುಡಿಯಾಯಿತು. ಅವನು ತಲೆ ಎತ್ತಿ ಜನರ ನಡುವೆ ನನ್ನನ್ನು ಹುಡುಕಿ ನೋಡಿದ.

ಆ ಮಧ್ಯಾಹ್ನ ಸಿಸ್ಟರ್ ನಮ್ಮ ಮನೆಗೆ ಬಂದರು. ಅದು ಕಸ್ತೂರಿಯನ್ನು ನೋಡುವ ದಿನ, ಅವರು ತಪ್ಪಿಸಲಿಲ್ಲ. ಕೈ ತೊಳೆದುಕೊಂಡು, ಅವಳ ಹೊಟ್ಟೆಯ ಮೇಲೆ ಕಟ್ಟಿಗೆಯ ಕೊಳವೆ ಇಟ್ಟು, ಅದಕ್ಕೆ ಕಿವಿ ಹಚ್ಚಿದರು. ನನಗೆ ತಡೆಯಲಾಗಲಿಲ್ಲ. “ಸಿಸ್ಟರ್, ಆ ದಾರ ನಾನ ಬೇಕಂತ…” ಎಂದೆ. ಅವರು ಕಿವಿ ತೆಗೆಯದೆ ಒಂದು ಕೈ ಎತ್ತಿ ಸುಮ್ಮನಿರಿ ಎಂದು ಸನ್ನೆ ಮಾಡಿದರು. ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಕೂಸಿನ ಎದೆಬಡಿತ ಎಣಿಸಿದರು. ನನ್ನ ಬದುಕಿನಲ್ಲಿ ಅಷ್ಟು ಉದ್ದದ ನಿಮಿಷ ಬೇರೆ ಇಲ್ಲ.

“ನೂರಾ ನಲವತ್ತು. ಕೂಸು ಆರಾಮ ಐತಿ,” ಎಂದು ಕೊಳವೆಯನ್ನು ಚೀಲದೊಳಗಿಟ್ಟರು. “ಈಗ ಹೇಳ್ರಿ.”

ಹೇಳಿದೆ. ಗೋಣಿಯ ದಾರ, ತೊಗಲಿನ ಪಟ್ಟಿ, ಎಲ್ಲ. ಅವರ ಮುಖ ಬಿಳಿಚಿಕೊಂಡಿತು. ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡೆ. ಮಂಚದ ಮೇಲಿಂದ ಮಾತಾಡಿದವಳು ಕಸ್ತೂರಿ.

“ಯವ್ವಾ, ಇದನ್ನ ನನ್ನ ಹೆಸರ್ಲೆ ಮಾಡಿದೇನು?”

“ನೀ ಉಳೀಲಿ ಅಂತವ್ವಾ.”

“ನಾ ಕೇಳಿದ್ನೇನು? ಅಲ್ಲಿ ಒಂದು ಕೂಸು ಒಂಬತ್ತು ವರ್ಷ ಅವ್ವನ ದಾರಿ ಕಾಯ್ತು. ಅದನ್ನ ಕಸಗೊಂಡು ನನ್ನ ಕೂಸಿಗೆ ಕೊಡಾಕ ನಿಂತಿದ್ದೇನು?” ಎಂದು ಅವಳು ಗೋಡೆಯ ಕಡೆ ತಿರುಗಿಕೊಂಡಳು.

ನನಗೆ ಅಳು ಬಂತು. ಸಿಸ್ಟರ್ ಎದ್ದು ನಿಂತರು. “ನನಗ ನಿಮ್ಮ ಅಳು ಬ್ಯಾಡ್ರಿ ಫಕೀರವ್ವಾರ. ಹೊಲಿಗಿ ಬೇಕು. ಗಾಳಿ ಇನ್ನ ನಾಕು ದಿನ ಇರತೈತಿ. ಮುಂಜಾನಿ ಹೊಲೀರಿ, ಮಧ್ಯಾಹ್ನ ನನ್ನ ಹಂತೇಕ ಬರ್ರಿ. ನಾ ಮಾಡೂದನ್ನ ನೀವು ಕಲೀಬೇಕು.”

ಮೂರು ದಿನ ಹಾಗೇ ನಡೆಯಿತು. ಬೆಳಿಗ್ಗೆ ಉಗ್ರಾಣದಲ್ಲಿ ಕೂತು ಚಾವಣಿಯ ಒಂದೊಂದು ಹೊಲಿಗೆಯನ್ನೂ ಬಿಚ್ಚಿ ಹೊಸದಾಗಿ ಹಾಕಿದೆ, ಮೇಣದ ದಾರ ಎರಡೆಳೆ. ಮಕ್ತುಮಸಾಬ ನನ್ನ ಜೊತೆ ಮಾತಾಡಲಿಲ್ಲ. ತನ್ನ ಪಾಡಿಗೆ ಗಾಡಿಯ ಭಾರ ಇಳಿಸುತ್ತಿದ್ದ. ಕನ್ನಡಿಯಂಥ ಬಂಪರುಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ. ಹೆಚ್ಚಿನ ಚಕ್ರ, ಹಿಂದಿನ ಸೀಟು, ರೇಡಿಯೋ, ಬಾಗಿಲೊಳಗಿನ ತೊಗಲು, ಒಂದೊಂದನ್ನೇ ತೆಗೆಯುವಾಗ ಅವನ ಮುಖ ನೋಡಬೇಕಿತ್ತು. ಮಧ್ಯಾಹ್ನ ಸಿಸ್ಟರ್ ಒಂದು ಗೋಣಿಚೀಲಕ್ಕೆ ತೂತು ಮಾಡಿ, ಬಟ್ಟೆಯ ಗೊಂಬೆ ತುರುಕಿ, ಅದು ಹೇಗೆ ಹೇಗೆ ಬರಬಹುದು, ಹೇಗೆ ಬಂದರೆ ಏನು ಮಾಡಬೇಕು ಎಂದು ಕಲಿಸುತ್ತಿದ್ದರು. ನಾನು ತಪ್ಪಿದಾಗ ಬೆರಳ ಗೆಣ್ಣಿಗೆ ಪೆಟ್ಟು ಬೀಳುತ್ತಿತ್ತು.

ಒಂದು ತೊಂದರೆ ಉಳಿಯಿತು. ಮೊದಲ ಓಟದಲ್ಲಿ ಬಟ್ಟೆ ಹರಿದ ರಭಸಕ್ಕೆ, ಚಾವಣಿಯನ್ನು ಮುಂದಿನ ಗಾಜಿನ ಚೌಕಟ್ಟಿಗೆ ಬಿಗಿಯುವ ಎರಡು ಕೊಕ್ಕೆಗಳಲ್ಲಿ ಎಡಗಡೆಯದು ಮುರಿದಿತ್ತು. ಎರಕ ಹೊಯ್ದು ಹೊಸದು ಮಾಡಲು ದಿನವಿರಲಿಲ್ಲ. “ಯಾರರ ಕುಂತು ತೊಗಲಿನ ಪಟ್ಟಿಲೆ ಜಗ್ಗಿ ಹಿಡೀಬೇಕು,” ಎಂದು ಮಕ್ತುಮಸಾಬ ಗಾಡಿಗೆ ಹೇಳುವ ಹಾಗೆ ಹೇಳಿದ.

“ನಾ ಹಿಡೀತೀನಿ,” ಎಂದೆ. “ಒಳಗ ಬರೂದು ಸಸಾರ ಐತಲ್ಲ. ಇವರನ್ನ ಬಿಟ್ಟು ನಿನ್ನ ಜೋಡಿ ತಿರುಗಿ ಬರತೀನಿ.”

ಮೂರು ದಿನದಲ್ಲಿ ಮೊದಲ ಸಲ ಅವನು ನನ್ನನ್ನು ನೋಡಿದ. “ಕೈ ಬಿಟ್ರ ಮೂರೂ ಮಂದಿ ಹೋದಿವಿ.”

“ಬಿಡೂದಿಲ್ಲ.”

ನಾಲ್ಕನೆಯ ದಿನ ಬೆಳಿಗ್ಗೆ ನಾವು ಅಗಸಿಗೆ ಬಂದರೆ ಅದರ ಬಾಯಿಗೆ ಅಡ್ಡವಾಗಿ ಇಪ್ಪತ್ತು ಮೂವತ್ತು ಕತ್ತೆಗಳನ್ನು ಕಟ್ಟಿದ್ದರು. ಅವುಗಳ ಮುಂದೆ ಯಜಮಾನರು, ಅವರ ಹಿಂದೆ ಬಸುರಿ ಹೆಣ್ಣುಮಕ್ಕಳ ಅತ್ತೆಯಂದಿರು, ಗಂಡಂದಿರು. ಸಿಟ್ಟಿಗಿಂತ ಅವರ ಮುಖದಲ್ಲಿ ಹೆದರಿಕೆಯೇ ಹೆಚ್ಚಾಗಿತ್ತು. ನಾಲ್ಕು ದಿನದ ಹಿಂದೆ ನನ್ನ ಮುಖದಲ್ಲಿದ್ದದ್ದೂ ಅದೇ. “ನಮ್ಮನ್ನ ತುಳದು ಹೋಗ್ರಿ,” ಎಂದರು ಯಜಮಾನರು. ಮಕ್ತುಮಸಾಬ ಎಂಜಿನ್ನು ಬಂದ್ ಮಾಡಿದ. ಗಾಳಿ ಆಗಲೇ ಇಳಿಯತೊಡಗಿತ್ತು, ಅಗಸಿಯ ಮೇಲೆ ಕಟ್ಟಿದ್ದ ತೋರಣದ ಬಟ್ಟೆ ಮೊದಲಿನಷ್ಟು ಬಡಿದುಕೊಳ್ಳುತ್ತಿರಲಿಲ್ಲ.

ಆಗ ಕಸ್ತೂರಿ ಬಂದಳು. ಒಂದು ಕೈಯಿಂದ ಸೊಂಟ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತ, ಜನರ ನಡುವೆ ಹಾದು ಕತ್ತೆಗಳ ಹತ್ತಿರ ಹೋಗಿ ಮೊದಲನೆಯದರ ಹಗ್ಗ ಬಿಚ್ಚಿದಳು. ಎರಡನೆಯದು ಬಿಚ್ಚಿದಳು. ಬಗ್ಗಲಾರದೆ ನಿಂತು ಉಸಿರು ತೆಗೆದುಕೊಂಡು ಮೂರನೆಯದಕ್ಕೆ ಕೈ ಹಾಕಿದಳು. “ಎಲ್ಲಾರಕಿಂತ ಮೊದಲ ನನಗ ದಿನ ತುಂಬತಾವ್ರಿ ಯಜಮಾನ್ರ,” ಎಂದಳು. “ನಾ ಬಿಡಾಕತ್ತೀನಿ. ನೀವೂ ಬಿಡ್ರಿ.” ಯಜಮಾನರು ಅವಳನ್ನೇ ನೋಡಿದರು. ಆಮೇಲೆ ಅವರೇ ಬಗ್ಗಿ ಉಳಿದ ಹಗ್ಗ ಬಿಚ್ಚತೊಡಗಿದರು.

ನಾನು ಮುಂದಿನ ಸೀಟಿನಲ್ಲಿ ಕೂತು, ಎರಡೂ ಕಾಲು ಮುಂದಿನ ತಗಡಿಗೆ ಒತ್ತುಕೊಟ್ಟು, ಚಾವಣಿಯ ತುದಿಗೆ ಸುತ್ತಿದ ತೊಗಲಿನ ಪಟ್ಟಿಯನ್ನು ಅಂಗೈಗೆ ಎರಡು ಸುತ್ತು ಹಾಕಿಕೊಂಡೆ. ಸಿಸ್ಟರ್ ಹಿಂದೆ ಬರಿಯ ತಗಡಿನ ಮೇಲೆ ಕುಕ್ಕರಗಾಲಿನಲ್ಲಿ ಕೂತರು. ಕಾರು ಹೊರಟಿತು. ಎರಡನೆಯ ಕಲ್ಲಿನ ಹೊತ್ತಿಗೆ ಅದು ನಾನು ತಿಳಿದ ಗಾಡಿಯಾಗಿರಲಿಲ್ಲ. ಹೆಣ್ಣುಮಕ್ಕಳು ಕುಂಕುಮ ತಿದ್ದಿಕೊಳ್ಳುತ್ತಿದ್ದ ಆ ಸಾಧು ಗಾಡಿಯೊಳಗೆ ಇಂಥ ಕಸುವು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಬೆನ್ನು ಸೀಟಿಗೆ ಅಂಟಿಕೊಂಡಿತು. ಚಾವಣಿ ಮೊದಲು ಕಂಪಿಸಿತು, ಆಮೇಲೆ ಉಸಿರೆಳೆದ ಎದೆಯ ಹಾಗೆ ಉಬ್ಬಿ ಮೇಲಕ್ಕೆ ಜಗ್ಗತೊಡಗಿತು. ಹೊಲಿಗೆ ನಿಂತಿತ್ತು. ನಿಲ್ಲಬೇಕಾದ್ದು ನನ್ನ ಕೈ. ಪಟ್ಟಿ ಅಂಗೈಯೊಳಗೆ ಇಳಿದು ರಕ್ತ ಬಂತು, ರಕ್ತಕ್ಕೆ ತೊಗಲು ಜಾರತೊಡಗಿತು.

“ಎಷ್ಟು?” ಹಿಂದಿನಿಂದ ಸಿಸ್ಟರ್ ಕೂಗಿದರು.

“ತೊಂಬತ್ತು!” ಮಕ್ತುಮಸಾಬನ ಕಣ್ಣು ರಸ್ತೆಯ ಮೇಲೇ ಇತ್ತು.

ಏಳನೆಯ ಕಲ್ಲು ಹೋಯಿತು. ತೊಂಬತ್ನಾಲ್ಕು. ಅಲ್ಲಿಂದ ಮುಂದೆ ಮುಳ್ಳು ಏರಲಿಲ್ಲ. ನನ್ನ ಭಾರವೇ ಹೆಚ್ಚಾಯಿತೇನೋ ಅನಿಸಿತು. ಎಂಜಿನ್ನಿನೊಳಗೆ ಯಾರೋ ಸುತ್ತಿಗೆಯಿಂದ ಹೊಡೆಯುತ್ತಿರುವಂಥ ಸದ್ದು ಶುರುವಾಯಿತು. ಮಕ್ತುಮಸಾಬನ ತುಟಿ ಅಲುಗುತ್ತಿತ್ತು, ಅವನ ಕಾಲು ನೆಲಕ್ಕೆ ಒತ್ತಿತ್ತು. ಆ ಸದ್ದು ಏನೆಂದು ಅವನಿಗೆ ಗೊತ್ತಿತ್ತು, ಆಮೇಲೆ ಹೇಳಿದ. ಕಾಲು ತೆಗೆದಿದ್ದರೆ ಎಂಜಿನ್ನು ಉಳಿಯುತ್ತಿತ್ತು. ಅವನು ತೆಗೆಯಲಿಲ್ಲ. ತೊಂಬತ್ತೇಳು. ಎಂಟನೆಯ ಕಲ್ಲು. ಹಿಂದಿನಿಂದ ಎರಡು ಕೈ ಬಂದು ನನ್ನ ಕೈಗಳ ಮೇಲೆ ಪಟ್ಟಿಯನ್ನು ಹಿಡಿದವು. ಸಿಸ್ಟರ್ ಮುಂದಕ್ಕೆ ಬಾಗಿ, ನನ್ನ ಕಿವಿಯ ಹತ್ತಿರ ಉಸಿರು ಬಿಡುತ್ತ, ತಮ್ಮ ಭಾರವನ್ನೆಲ್ಲ ಹಾಕಿ ಜಗ್ಗುತ್ತಿದ್ದರು. ನಾನು ಕಣ್ಣು ಮುಚ್ಚಿದೆ.

ಮೊದಲು ಬಂದದ್ದು ವಾಸನೆ. ಕುದಿಯುವ ಚಹಾದ್ದು, ಬೇವಿನದು. ಕಣ್ಣು ತೆರೆದರೆ ಅಗಸಿ ಇಲ್ಲ. ಮರವೊಂದು ನಮ್ಮ ಬದಿಗೆ ಸರ್ರನೆ ಹಾದುಹೋಯಿತು. ಅದೇ ಕ್ಷಣಕ್ಕೆ ಎಂಜಿನ್ನಿನೊಳಗೆ ದೊಡ್ಡ ಸದ್ದಾಗಿ, ಕಾರು ಹೊಗೆಯುಗುಳುತ್ತ ಬಹಳ ದೂರ ಉರುಳಿ, ಕೂಡುರಸ್ತೆಯ ಅಂಚಿನಲ್ಲಿ ನಿಂತುಕೊಂಡಿತು. ಚಹಾದಂಗಡಿಯವನು ಸೌಟು ಹಿಡಿದುಕೊಂಡೇ ಓಡಿಬಂದ.

ಮಕ್ತುಮಸಾಬ ಇಳಿದು ಮುಂಭಾಗ ಎತ್ತಿ ನೋಡಿ ಮತ್ತೆ ಮುಚ್ಚಿದ. ಒಳಗಿನ ಸರಳೊಂದು ಎಂಜಿನ್ನಿನ ಗೋಡೆ ತೂತು ಮಾಡಿ ಹೊರಗೆ ಬಂದಿತ್ತು. ಅವನು ಜುಬ್ಬಾದ ತುದಿಯಿಂದ ಕಾರಿನ ಗಾಜು ಒರೆಸುತ್ತ ನಿಂತ. ಸಿಸ್ಟರ್ ಇಳಿದರು. ಅವರ ಊರಿನ ಕಡೆಯ ಬಸ್ಸು ದೂರದಲ್ಲಿ ಬರುತ್ತಿತ್ತು. ಅವರು ಓಡುತ್ತಾರೆ ಎಂದುಕೊಂಡೆ. ಓಡದೆ ಚೀಲ ತೆರೆದು, ನನ್ನ ಅಂಗೈಗಳನ್ನು ಚಹಾದಂಗಡಿಯ ಬಿಸಿನೀರಿನಲ್ಲಿ ತೊಳೆದು, ಔಷಧಿ ಹಚ್ಚಿ ಪಟ್ಟಿ ಕಟ್ಟಿದರು.

“ಸಿಸ್ಟರ್,” ಎಂದೆ.

“ನಾ ಇನ್ನೂ ನಿಮ್ಮನ್ನ ಕ್ಷಮಿಸಿಲ್ಲ ಫಕೀರವ್ವಾರ,” ಎಂದರು ಗಂಟು ಬಿಗಿಯುತ್ತ. “ಬಸ್ಸಿನಾಗ ಕುಂತು ವಿಚಾರ ಮಾಡ್ತೀನಿ.” ಬಸ್ಸು ನಿಂತಿತು. ಹತ್ತಿ ಕಿಟಕಿಯ ಬದಿಗೆ ಕೂತರು. ಅದು ತಿರುವಿನಲ್ಲಿ ಮರೆಯಾಗುವ ತನಕ ಅವರು ಮುಂದೆಯೇ ನೋಡುತ್ತಿದ್ದದ್ದು ನನಗೆ ಕಾಣುತ್ತಿತ್ತು.

“ನೀ ಹೋಗಣ್ಣ,” ಎಂದೆ ಮಕ್ತುಮಸಾಬನಿಗೆ. “ನನ್ನ ಮಗಳು ಒಳಗದಾಳ, ನಾ ಹೋಗಲೇಬೇಕು. ನಿನಗ ಯಾರದಾರ? ಮೂವತ್ತು ವರ್ಷ ಇದಕ್ಕ ಬಡಕೊಂಡಿ.”

ಅವನು ಆಚೆಯ ಡಾಂಬರು ರಸ್ತೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದ. ಚಹಾ ತರಿಸಿ ಪೂರ್ತಿ ಕುಡಿದ. ಇನ್ನೊಂದು ಕುಡಿದ. “ಹತಾರ ಎಲ್ಲಾ ಒಳಗ ಉಳದಾವ,” ಎಂದು ಎದ್ದ. “ಹತಾರ ಇಲ್ಲದ ಇದನ್ನ ಹ್ಯಾಂಗ ರಿಪೇರಿ ಮಾಡ್ಲಿ? ಕುಂಡ್ರು. ನಿನ್ನ ಕೈ ನೊಂದಾವ, ಚಕ್ರ ಅಷ್ಟ ತಿರಗಸು. ನಾ ದೂಕತೀನಿ.”

ಹಾಗೆ ನಾನು ಆ ಕಾರನ್ನು ನಡೆಸಿದೆ. ಅವನು ಹಿಂದಿನಿಂದ ನೂಕುತ್ತ, ನಾನು ಪಟ್ಟಿ ಕಟ್ಟಿದ ಕೈಯಲ್ಲಿ ಚಕ್ರ ಹಿಡಿದು, ಒಂದೊಂದು ಕಲ್ಲಿಗೂ ನಿಂತು ದಮ್ಮು ತೆಗೆದುಕೊಳ್ಳುತ್ತ ಬಂದೆವು. ನಾಲ್ಕನೆಯ ಕಲ್ಲಿನ ಹತ್ತಿರ ಊರವರು ಎದುರು ಬಂದರು. ಯಜಮಾನರೇ ಮೊದಲು ಓಡಿಬಂದು, “ದಾಟಿದ್ರೇನು?” ಎಂದು ಕೇಳಿದರು. ಮಕ್ತುಮಸಾಬ ಹೌದೆಂದು ತಲೆಯಾಡಿಸಿದ. ಕೂಗಾಟವಾಗುತ್ತದೆಂದುಕೊಂಡಿದ್ದೆ. ಆಗಲಿಲ್ಲ. ಯಾರೋ ಕತ್ತೆಗಳನ್ನು ತಂದು ಹಗ್ಗ ಕಟ್ಟಿದರು. ಉಳಿದವರು ಬದಿಗೆ ನಿಂತು ಕಾರಿನ ಮೈ ಮೇಲೆ ಕೈಯಿಟ್ಟು ನೂಕಿದರು.

ಹನ್ನೆರಡು ದಿನದ ಮೇಲೆ, ಬಿಸಿಲು ನೆತ್ತಿಗೆ ಬಂದಾಗ, ಕಸ್ತೂರಿಗೆ ನೋವು ಎದ್ದಿತು. ಕೂಸು ತಿರುಗಿರಲಿಲ್ಲ. ಮೊದಲು ಕಂಡದ್ದು ಅದರ ಕುಂಡಿ, ಆಮೇಲೆ ಒಂದು ಕಾಲು. ಬಾಗಿಲಲ್ಲಿದ್ದ ಹೆಂಗಸರು, “ಎಳಿ ಫಕೀರವ್ವ, ಎಳಿ,” ಎಂದು ಕಿರಿಚಿದರು. “ಹಿಡಿಯವ್ವಾ,” ಎಂದು ಕಸ್ತೂರಿ ಅಂಗಲಾಚಿದಳು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಗೋಣಿಚೀಲದ ಮುಂದೆ ಬಿದ್ದ ಪೆಟ್ಟುಗಳಲ್ಲಿ ಹೆಚ್ಚಿನವು ಇದಕ್ಕೇ ಬಿದ್ದದ್ದು. ಹೀಗೆ ಬಂದ ಕೂಸನ್ನು ಎಳೆದರೆ ತಲೆ ಸಿಕ್ಕಿಕೊಳ್ಳುತ್ತದೆ. ಹೊಕ್ಕುಳು ಕಂಡರೂ ಎಳೆಯಬಾರದು. ಹೆಗಲ ಮೂಳೆ ಕಾಣುವ ತನಕ ಕೈ ಹಚ್ಚಬಾರದು. ನಾನು ಎರಡೂ ಕೈಗಳನ್ನು ನನ್ನ ಮೊಣಕಾಲಿನ ಮೇಲಿಟ್ಟು ಅದುಮಿ ಹಿಡಿದೆ. ಮಗಳು ಕೂಗುತ್ತಿದ್ದಳು. ಅರ್ಧ ಹೊರಗೆ ಬಂದ ಕೂಸಿನ ಮೈ ನೀಲಿಗಟ್ಟುತ್ತಿತ್ತು. ನಾನು ಏನೂ ಮಾಡದೆ ನೋಡುತ್ತ ಕೂತಿದ್ದೆ.

ಹೆಗಲು ಕಂಡಿತು. ಆಗ ಬಟ್ಟೆ ಸುತ್ತಿ, ಕಲಿಸಿದ ಹಾಗೆ ಎತ್ತಿ ಹಿಡಿದೆ, ಗದ್ದ ಜಾರಿತು, ತಲೆ ಬಂತು. ಕೂಸು ಅಳಲಿಲ್ಲ. ಬಾಯಿ ಒರೆಸಿದೆ, ಬೆನ್ನು ತಿಕ್ಕಿದೆ, ಅಂಗಾಲಿಗೆ ಬೆರಳಿಂದ ಚಿಟಿಕೆ ಹೊಡೆದೆ. ಮತ್ತೆ ತಿಕ್ಕಿದೆ. ಕಸ್ತೂರಿ ತಲೆ ಎತ್ತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಕೂಸು ಒಮ್ಮೆ ಕೆಮ್ಮಿತು, ಮುಖ ಕಿವಿಚಿತು, ಆಮೇಲೆ ಓಣಿಗೆಲ್ಲ ಕೇಳುವ ಹಾಗೆ ಬಾಯಿ ತೆರೆಯಿತು.

“ಏನು ಹುಟ್ಟಿತ? ಗಂಡೋ ಹೆಣ್ಣೋ?” ಎಂದು ಬಾಗಿಲಿನಿಂದ ಯಾರೋ ಕೇಳುತ್ತಿದ್ದರು. ನಾನಿನ್ನೂ ನೋಡಿರಲಿಲ್ಲ.